ಮಳೆ, ಚಳಿ ಮತ್ತು ಮೂರು ‘ತ’ಕಾರಗಳು
(ಸಂಘದ ವಾರ್ಷಿಕೋತ್ಸವದಂದು ಮಾಡಿದ ಭಾಷಣ)



ಬಿಸಿಬೇಳೆ ಭಾತಿನ ವಾಸನೆ ಆಗಲೇ ಸಭಾಂಗಣದೊಳಕ್ಕೆ ಬಂದಿದೆ. ಆದ್ದರಿಂದ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ಡಾಕ್ಟರು ಎಂದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮೇಲೆ ಉಪದೇಶ ಮಾಡುತ್ತಾರೆಂದು ನೀವು ಹೆದರಿರಬಹುದು. ಇವತ್ತು ಹೇಳಹೊರಟಿರುವುದು ನಮ್ಮ ಸೈಕಲ್ ಪ್ರವಾಸದ ಕಥೆ, ಅದರಲ್ಲೂ ನಮ್ಮ ಪೆದ್ದುತನದ ಕಥೆ.

ನಾವು ನಾಲ್ವರು ಗೆಳೆಯರು. ಊರಿನಲ್ಲಿ ಬಾಡಿಗೆ ಸೈಕಲ್ಲಿನ ಮೇಲೆ ಒಳಪೆಡಲ್ ಹೊಡೆದು ಕಲಿತವರು. ನಲವತ್ತು ದಾಟಿದ ಮೇಲೆ ಹೊಟ್ಟೆ ಕರಗಿಸಲೆಂದು ಮತ್ತೆ ಸೈಕಲ್ ಹಿಡಿದೆವು. ಇಂಗ್ಲೆಂಡಿನ ಪಶ್ಚಿಮ ಕರಾವಳಿಯ ವೈಟ್‌ಹೇವನ್‌ನಿಂದ ಪೂರ್ವದ ಸಂಡರ್‌ಲ್ಯಾಂಡ್‌ವರೆಗೆ, ಸುಮಾರು 140 ಮೈಲಿಯ ‘ಸೀ ಟು ಸೀ’ ಎಂಬ ದಾರಿಯೊಂದಿದೆ. ಸಸ್ಟ್ರಾನ್ಸ್ ಸಂಸ್ಥೆ 1994ರಲ್ಲಿ ತೆರೆದದ್ದು. ಹೊರಡುವಾಗ ಹಿಂದಿನ ಚಕ್ರವನ್ನು ಐರಿಷ್ ಸಮುದ್ರದಲ್ಲಿ ಅದ್ದಿ, ಮುಗಿಸುವಾಗ ಮುಂದಿನ ಚಕ್ರವನ್ನು ಉತ್ತರ ಸಮುದ್ರದಲ್ಲಿ ಅದ್ದಬೇಕೆಂಬುದು ಅಲ್ಲಿಯ ಸಂಪ್ರದಾಯ. ಬುದ್ಧಿವಂತರು ಬೇಸಿಗೆಯಲ್ಲಿ ಹೋಗುತ್ತಾರೆ. ನಾವು ಹೋದದ್ದು 2023ರ ಫೆಬ್ರವರಿ, ಹಾಫ್ ಟರ್ಮ್ ರಜೆಯಲ್ಲಿ. ಜೊತೆಗೆ ನಮ್ಮಲ್ಲೊಬ್ಬರ ಹದಿನೈದು ವರ್ಷದ ಮಗಳು. ಹೀಗೆ ಒಟ್ಟು ಐವರು.

‘ಮಳೆಯೇನು, ನಾವು ಮಲೆನಾಡಿನವರು!’ ಎಂಬ ಜಂಬ ನಮ್ಮಲ್ಲಿತ್ತು. ಕೆಸ್ವಿಕ್ ಪಟ್ಟಣದ ದಕ್ಷಿಣಕ್ಕಿರುವ ಸೀತ್‌ವೇಟ್ ಎಂಬ ಹಳ್ಳಿ ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆಯ ಊರೆಂದು ಹೆಸರಾದದ್ದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಆಗುಂಬೆಯಲ್ಲಿ ಅದರ ಎರಡರಷ್ಟು! ಆದರೆ ಲೆಕ್ಕ ತಪ್ಪಿದ್ದು ಇಲ್ಲೇ. ಆಗುಂಬೆಯ ಮಳೆಯಲ್ಲಿ ನೆಂದರೆ ಹೆಚ್ಚೆಂದರೆ ನೆಗಡಿ. ಇಲ್ಲಿ ನಾಲ್ಕು ಡಿಗ್ರಿಯ ಮಳೆ, ಮೇಲೆ ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಹಿಮ ಬೀಳುವ ಒಣ ಚಳಿಗಿಂತ ಈ ಒದ್ದೆ ಚಳಿ ಎಷ್ಟೋ ಸಲ ಹೆಚ್ಚು ಅಪಾಯಕಾರಿ.

ಎರಡನೆಯ ದಿನ ಕೆಸ್ವಿಕ್‌ನಿಂದ ಪೆನ್ರಿತ್ ದಾಟಿ ಹಾರ್ಟ್‌ಸೈಡ್ ಕಣಿವೆದಾರಿ ಏರಬೇಕಿತ್ತು. ಅದರ ನೆತ್ತಿ 580 ಮೀಟರ್. ಬೆಳಗಿನಿಂದ ಜಡಿಮಳೆ. ಅಂಗಿಯ ಮೇಲೆ ಮಳೆಕೋಟು ತೊಟ್ಟೇ ಏರಿದೆವು. ಹೊರಗಿನ ಮಳೆ ಒಳಗೆ ಬರಲಿಲ್ಲ, ನಿಜ. ಆದರೆ ಒಳಗೆ ಬೆವರಿನ ಮಳೆ! ಇಬ್ಬರು ಹತ್ತಿಯ ಬನಿಯನ್ ಬೇರೆ ತೊಟ್ಟಿದ್ದರು. ನೆತ್ತಿಯಲ್ಲಿ ಹಿಂದೆ ಒಂದು ಕೆಫೆ ಇತ್ತು, ಅದು 2018ರಲ್ಲಿ ಬೆಂಕಿಗೆ ಆಹುತಿಯಾಯಿತು. ನಾವು ಹೋದಾಗ ಅಲ್ಲಿ ಬರೀ ಬಯಲು, ಬೀಸುಗಾಳಿ. ಅಲ್ಲೇ ಒಬ್ಬರ ಟೈರು ಪಂಕ್ಚರ್ ಆಯಿತು. ಬೆರಳುಗಳು ಮರಗಟ್ಟಿ ಟೈರು ಬಿಡಿಸಲು ಆಗದೆ ಇಪ್ಪತ್ತು ನಿಮಿಷ ಒದ್ದಾಡಿದೆವು.

ಆಗ ನಮ್ಮಲ್ಲಿದ್ದ ಡಾಕ್ಟರು, ‘ನನಗೇನೂ ಚಳಿಯಿಲ್ಲ, ಮೊದಲು ಇಳಿದುಬಿಡೋಣ’ ಎಂದು ಹಟ ಹಿಡಿದರು. ಮೈ ಗಡಗಡ ನಡುಗುತ್ತಿತ್ತು, ನಾಲಿಗೆ ತೊಡರುತ್ತಿತ್ತು. ದೊಡ್ಡವರಾದ ನಾವ್ಯಾರೂ ಗಮನಿಸಲಿಲ್ಲ. ಗಮನಿಸಿದ್ದು ಆ ಹುಡುಗಿ. ‘ಅಂಕಲ್, ನಿಮ್ಮ ಕೋಟಿನ ಜಿಪ್ ಹಾಕಿಕೊಳ್ಳಿ ನೋಡೋಣ’ ಎಂದಳು. ಅವರಿಂದ ಆಗಲಿಲ್ಲ. ‘ನೀವು ಸೈಕಲ್ ಹತ್ತಬಾರದು’ ಎಂದು ಅಡ್ಡ ನಿಂತಳು. ಹತ್ತಿದ್ದರೆ ಏನಾಗುತ್ತಿತ್ತು? ಒದ್ದೆ ರಸ್ತೆಯ ಇಳಿಜಾರು, ಬ್ರೇಕು ಒತ್ತಲಾರದ ಬೆರಳು, ಮಂಕಾದ ಬುದ್ಧಿ. ಹೇಳಬೇಕಾಗಿಲ್ಲ.

ಆ ಡಾಕ್ಟರೇ ಈಗ ನಿಮ್ಮ ಮುಂದೆ ಮೈಕು ಹಿಡಿದು ನಿಂತಿರುವುದು. ಎಂ.ಬಿ.ಬಿ.ಎಸ್. ಆಗಿ, ರೆಸಿಡೆನ್ಸಿಯೂ ಆಗಿ, ವರ್ಷಗಟ್ಟಲೆ ರೋಗಿಗಳನ್ನು ನೋಡಿದ ಮೇಲೂ ಹೀಗೆ! ಆದರೂ ‘ನಾವು’ ಎಂದೇ ಹೇಳುತ್ತೇವೆ, ಏಕೆಂದರೆ ತಪ್ಪು ನಾಲ್ವರದೂ. ಹುಡುಗಿ ಶಾಲೆಯಲ್ಲಿ ಡ್ಯೂಕ್ ಆಫ್ ಎಡಿನ್‌ಬರೊ ಅವಾರ್ಡಿನ ತರಬೇತಿಯಲ್ಲಿ ಕಲಿತದ್ದನ್ನು ಮರೆತಿರಲಿಲ್ಲ. ತನ್ನ ಕಿತ್ತಳೆ ಬಣ್ಣದ ಸರ್ವೈವಲ್ ಚೀಲ ತೆಗೆದಳು. ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಉಣ್ಣೆಯ ಸ್ವೆಟರ್ ತೊಡಿಸಿ, ಚೀಲದೊಳಗೆ ಕೂರಿಸಿ, ಫ್ಲಾಸ್ಕಿನ ಸಿಹಿ ಚಹಾ ಕುಡಿಸಿದರು. ದಾರಿಯಲ್ಲಿ ಬಂದ ರೈತರೊಬ್ಬರು ತಮ್ಮ ವ್ಯಾನಿನಲ್ಲಿ ನಮ್ಮನ್ನು ಆಲ್ಸ್ಟನ್ ಊರಿಗೆ ತಲುಪಿಸಿದರು.

ಇದರಿಂದ ನಾವು ಕಲಿತದ್ದು ಒಂದೇ ಮಾತು: ಚಳಿ ಮೊದಲು ಕದಿಯುವುದು ಕೈಕಾಲನ್ನಲ್ಲ, ವಿವೇಕವನ್ನು. ದೇಹದ ಒಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದು ಹೈಪೋಥರ್ಮಿಯಾ. ಅದು ಬಂದವನಿಗೆ ತನಗೆ ಬಂದಿದೆಯೆಂದು ತಿಳಿಯುವುದಿಲ್ಲ. ಆದ್ದರಿಂದ ನಿಮ್ಮನ್ನು ನೀವು ನೋಡಿಕೊಂಡರೆ ಸಾಲದು, ಪಕ್ಕದವರನ್ನು ನೋಡಬೇಕು. ಮೂರು ‘ತ’ಕಾರಗಳನ್ನು ನೆನಪಿಡಿ: ತೊದಲುವುದು, ತಡವರಿಸುವುದು, ತೂರಾಡುವುದು. ಇವುಗಳಲ್ಲಿ ಒಂದು ಕಂಡರೂ ಪ್ರಯಾಣ ಅಲ್ಲಿಗೇ ನಿಲ್ಲಬೇಕು.

ಗಾಳಿಗೆ ಮರೆ ಮಾಡಿ, ಒದ್ದೆ ಬಟ್ಟೆ ತೆಗೆಯಿರಿ, ಹೊದಿಸಿ, ಎಚ್ಚರವಾಗಿದ್ದು ನುಂಗಬಲ್ಲವರಿಗೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ. ಬ್ರಾಂದಿ ಖಂಡಿತ ಬೇಡ, ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಹೊರಹಾಕುತ್ತದೆ. ಮೈ ಬೆಚ್ಚಗಾಗದೆಯೇ ನಡುಕ ನಿಂತುಹೋದರೆ ‘ಸದ್ಯ, ಗುಣವಾಯಿತು’ ಎನ್ನಬೇಡಿ. ಆಗಲೇ ನಿಜವಾದ ಅಪಾಯ. ಮಾತು ಮಂಕಾದರೂ, ನಡುಕ ನಿಂತರೂ ತಡಮಾಡದೆ 999ಕ್ಕೆ ಫೋನ್ ಮಾಡಿ.

ಈಗ ನಾವು ಏರುವ ಮುನ್ನ ಒಂದು ಪದರ ಕಳಚುತ್ತೇವೆ, ನೆತ್ತಿ ತಲುಪಿದ ಕೂಡಲೇ ತೊಡುತ್ತೇವೆ. ಒಣ ಬಟ್ಟೆ, ಎರಡನೇ ಜೊತೆ ಕೈಗವಸು ಪ್ಲಾಸ್ಟಿಕ್ ಚೀಲದಲ್ಲಿರುತ್ತವೆ. ಎಲ್ಲಿಂದ ಹಿಂತಿರುಗಬೇಕು, ಎಷ್ಟು ಗಂಟೆಗೆ ಎಂಬುದನ್ನು ಬೆಳಿಗ್ಗೆ, ಮೈ ಬೆಚ್ಚಗಿರುವಾಗಲೇ ನಿರ್ಧರಿಸುತ್ತೇವೆ. ಬನಿಯನ್ ಬದಲು ಉಣ್ಣೆ. ಉಣ್ಣೆ ನೆಂದರೂ ತಕ್ಕಮಟ್ಟಿಗೆ ಬೆಚ್ಚಗಿಡುತ್ತದೆ. ನಮ್ಮಜ್ಜಂದಿರು ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹಾಕಿ ಗದ್ದೆಗೆ ಇಳಿಯುತ್ತಿದ್ದರಲ್ಲ, ಅವರಿಗೆ ಗೊತ್ತಿದ್ದದ್ದು ನಮಗೆ ಮರೆತಿತ್ತು!

ಉಳಿದ ದಾರಿಯನ್ನು ಅದೇ ವರ್ಷ ಮೇ ಕೊನೆಯಲ್ಲಿ ಮುಗಿಸಿದೆವು. ಸಂಡರ್‌ಲ್ಯಾಂಡಿನಲ್ಲಿ ಮುಂದಿನ ಚಕ್ರವನ್ನು ಮೊದಲು ನೀರಿಗೆ ಅದ್ದುವ ಗೌರವವನ್ನು ಆ ಹುಡುಗಿಗೇ ಕೊಟ್ಟೆವು. ತಂದೆತಾಯಿಗಳಲ್ಲಿ ನಮ್ಮದೊಂದು ವಿನಂತಿ: ಮಕ್ಕಳನ್ನು ಚಳಿಯೆಂದು ಮನೆಯೊಳಗೆ ಕೂಡಿಹಾಕಬೇಡಿ, ಕಲಿಸಿ ಕಳುಹಿಸಿ. ಅವರು ಕಲಿತು ಬಂದು ‘ಅಂಕಲ್, ಸಾಕು, ನಿಲ್ಲಿ’ ಎಂದಾಗ ದಯವಿಟ್ಟು ಅವರ ಮಾತು ಕೇಳಿ.

 ಊಟ ಬಿಸಿಯಾಗಿರುವಾಗಲೇ ಏಳೋಣ. ಜೈ ಕರ್ನಾಟಕ.