ನಾನು ಯಾವ ದಾರಿ ಹಿಡಿದೆ, ಅಕ್ಕಾ?

(ಡಿಸೆಂಬರ್ 1, ವಿಶ್ವ ಏಡ್ಸ್ ದಿನದಂದು ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಶ್ರೋತೃಗಳ ಕೋರಿಕೆಯಂತೆ ಇಲ್ಲಿ ಕೊಡಲಾಗಿದೆ.)

ಇವತ್ತು ಹಾಡಿಗೆ ಮೊದಲು ಒಂದು ತಪ್ಪೊಪ್ಪಿಗೆ ಇದೆ. ನಾನು ಈ ಕೆಲಸಕ್ಕೆ ಸೇರಿದ ಹೊಸತು. ಇಂಥದೇ ಒಂದು ಡಿಸೆಂಬರ್ ಒಂದರಂದು ಏಡ್ಸ್ ಬಗ್ಗೆ ಎರಡು ನಿಮಿಷದ ಮಾತು ಬರೆದು ಓದಿದ್ದೆ. ದನಿಯನ್ನು ಬೇಕೆಂದೇ ಗಂಭೀರ ಮಾಡಿಕೊಂಡಿದ್ದೆ. ಅದರಲ್ಲೊಂದು ವಾಕ್ಯ ಹೀಗಿತ್ತು: 'ದಾರಿ ತಪ್ಪಿದವರಿಗೆ ಕಾದಿರುವ ಮಹಾಮಾರಿ ಇದು.' ಕನ್ನಡ ಬಿ.ಎ. ಓದಿದವಳಲ್ಲವೇ, ವಾಕ್ಯ ಚೆನ್ನಾಗಿ ಬಂತೆಂದು ಒಳಗೊಳಗೇ ಖುಷಿಯೂ ಆಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಒಂದು ಫೋನ್ ಬಂತು. ಹೆಣ್ಣುದನಿ, ಉತ್ತರ ಕರ್ನಾಟಕದ ಮಾತು. "ಅಕ್ಕಾ, ನನಗ ಆ ರೋಗ ಐತಿ. ನಾ ಯಾವ ದಾರಿ ತಪ್ಪೀನಿ ಹೇಳ್ರಿ? ಅಪ್ಪ ತೋರಿಸಿದ ಹುಡುಗನ್ನ ಮದುವಿ ಆದೆ. ಅದೊಂದs ದಾರಿ ನಾ ಹಿಡದದ್ದು."

ನನ್ನ ಬಳಿ ಉತ್ತರವಿರಲಿಲ್ಲ. ಆಕೆಯೇ ಮಾತು ಮುಂದುವರಿಸಿದರು. ಅವರು ಯಾರು, ಎಲ್ಲಿದ್ದಾರೆ ಎಂಬುದನ್ನು ನಾನು ಹೇಳುವುದಿಲ್ಲ. ಅವರ ಕಥೆ ಅನೇಕರ ಕಥೆಯಾಗಿರುವುದರಿಂದ ಹೆಸರಿನ ಅಗತ್ಯವೂ ಇಲ್ಲ.

ಮದುವೆಯಾಗಿ ಗಂಡನೊಡನೆ ಮುಂಬೈಗೆ ಬಂದರು. ಗರ್ಭಿಣಿಯಾದಾಗ ಎಲ್ಲರಿಗೂ ಮಾಡುವ ರಕ್ತಪರೀಕ್ಷೆ ಅವರಿಗೂ ಆಯಿತು. ಸೋಂಕು ಇದೆ ಎಂದು ಗೊತ್ತಾದದ್ದು ಆಗಲೇ. ಗಂಡನ ಪರೀಕ್ಷೆ ಆಮೇಲೆ ಆಯಿತು. ಅಷ್ಟರಲ್ಲಿ ಊರಿನ ಮನೆಯಲ್ಲಿ ತೀರ್ಪು ಹೊರಬಿದ್ದಿತ್ತು: 'ಇವಳೇ ತಂದದ್ದು.'

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ನಮ್ಮ ದೇಶದಲ್ಲಿ ಗರ್ಭಿಣಿಯರಿಗೆ ಎಚ್‌ಐವಿ ಪರೀಕ್ಷೆ ಮಾಡುತ್ತಾರೆ. ಗಂಡಸರಿಗೆ ಹಾಗೆ ತಾನಾಗಿ ಪರೀಕ್ಷೆಯಾಗುವ ಸಂದರ್ಭ ಕಡಿಮೆ. ಆದ್ದರಿಂದ ಎಷ್ಟೋ ಮನೆಗಳಲ್ಲಿ ಸೋಂಕು ಮೊದಲು ಗೊತ್ತಾಗುವುದು ಹೆಂಡತಿಯದು. ಮೊದಲು ಗೊತ್ತಾದವಳೇ ಮೊದಲು ತಂದವಳು ಎಂದು ಮನೆಯವರು ಲೆಕ್ಕ ಹಾಕುತ್ತಾರೆ. ದೀಪ ಹಿಡಿದವಳ ಮೇಲೇ ಕಳ್ಳತನದ ಆರೋಪ!

ಈ ಕಳಂಕಕ್ಕೆ ಹಳೆಯ ಬೇರೂ ಇದೆ. ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಪರೀಕ್ಷಿಸಿದ ರಕ್ತ ಲೈಂಗಿಕ ವೃತ್ತಿಯ ಮಹಿಳೆಯರದು. ವೈದ್ಯರು ಹುಡುಕಿದ್ದು ವೈರಸ್ಸನ್ನು. ಸಮಾಜ ಅದನ್ನು ಓದಿಕೊಂಡದ್ದು ಹೆಣ್ಣಿನ ನಡತೆಯ ಸರ್ಟಿಫಿಕೇಟ್ ಎಂದು. 2021ರ ಅಂದಾಜಿನಂತೆ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದವರು ಸುಮಾರು 24 ಲಕ್ಷ. ಅವರಲ್ಲಿ ನೂರಕ್ಕೆ ಸುಮಾರು 45 ಮಂದಿ ಹೆಣ್ಣುಮಕ್ಕಳು. ಇವರಲ್ಲಿ ಬಹಳಷ್ಟು ಮಂದಿಗೆ ಸೋಂಕು ಬಂದದ್ದು ಗಂಡನಿಂದಲೇ.

ಆಕೆಯ ಗಂಡ ತೀರಿಕೊಂಡರು. ಊರಿಗೆ ಹೋದಾಗ ತಟ್ಟೆ ಬೇರೆ, ಲೋಟ ಬೇರೆ. ಮಗುವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಮತ್ತೆ ಮುಂಬೈಗೆ ಬಂದರು. ಮಹಾನಗರದಲ್ಲಿ ಯಾರಿಗೆ ಯಾರೂ ಗೊತ್ತಿಲ್ಲ, ಅದೇ ಅನುಕೂಲ ಎಂದುಕೊಂಡರು. ಆದರೆ ಭಯ ಜೊತೆಗೇ ಬಂತು. ಮಾತ್ರೆಯ ಡಬ್ಬಿ ತೊಗರಿಬೇಳೆಯ ಡಬ್ಬಿಯೊಳಗೆ. ಆಸ್ಪತ್ರೆಯ ಸಾಲಿನಲ್ಲಿ ನಿಂತಾಗ ಕನ್ನಡ ಕಿವಿಗೆ ಬಿದ್ದರೆ ಸೆರಗು ಮುಖದ ಮೇಲೆ. "ಕನ್ನಡ ಕೇಳಿದ್ರ ಎಲ್ಲಾರಿಗೂ ಸಂತೋಷ ಆಗ್ತದ ಅಕ್ಕಾ, ನನಗ ಹೆದರಿಕಿ" ಎಂದರು. ಹಿಂದಿ, ಮರಾಠಿಯಲ್ಲಿ ಸಲಹೆಗಾರರು ಒಳ್ಳೆಯ ಮಾತೇ ಹೇಳುತ್ತಿದ್ದರಂತೆ. ಆದರೆ ಅಳುವುದಕ್ಕೆ ತಾಯಿಭಾಷೆಯೇ ಬೇಕಲ್ಲವೇ? ಹೊರಗಿನ ಕನ್ನಡ ಹೆದರಿಸುತ್ತಿತ್ತು. ಮನೆಯೊಳಗಿನ ರೇಡಿಯೋ ಒಂದೇ ಹೆದರಿಸದ ಕನ್ನಡವಾಗಿತ್ತು. ಆವತ್ತು ನಾನು ಅದನ್ನೂ ಕೆಡಿಸಿದ್ದೆ.

ಆ ತಪ್ಪನ್ನು ತಿದ್ದಲು, ಅಂದು ಹೇಳಬೇಕಿದ್ದ ಮಾತುಗಳನ್ನು ಇಂದು ಹೇಳುತ್ತೇನೆ.

ಜೊತೆಗೆ ಉಣ್ಣುವುದರಿಂದ, ತಬ್ಬಿಕೊಳ್ಳುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಸೊಳ್ಳೆ ಕಚ್ಚುವುದರಿಂದ ಎಚ್‌ಐವಿ ಹರಡುವುದಿಲ್ಲ. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಔಷಧಿಯನ್ನು ಉಚಿತವಾಗಿ ಕೊಡುತ್ತಿದೆ. ಇಂದು ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗುತ್ತಾ ಬಂದು, ರಕ್ತದಲ್ಲಿನ ವೈರಸ್ ಪರೀಕ್ಷೆಗೆ ಸಿಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಚಿಕಿತ್ಸೆಯೇ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿಗೂ ಶಿಶುವಿಗೂ ಸಕಾಲದಲ್ಲಿ ಔಷಧಿ ಸಿಕ್ಕರೆ ಅದು 5ಕ್ಕಿಂತ ಕೆಳಗೆ ಇಳಿಯುತ್ತದೆ. ಆಕೆಯ ಮಗುವಿಗೆ ಸೋಂಕಿಲ್ಲ.

ಇನ್ನು ಕಾನೂನು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಒಬ್ಬರ ಸೋಂಕಿನ ವಿಷಯ ಬಯಲು ಮಾಡುವಂತಿಲ್ಲ. ಕೂಡಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಸೋಂಕಿತರಿಗಿದೆ, ಅಲ್ಲಿಂದ ಹೊರಹಾಕುವಂತಿಲ್ಲ. ತವರಿಗೂ ಬೇಡವಾದ, ಅತ್ತೆಮನೆಗೂ ಬೇಡವಾದ ವಿಧವೆಗೆ ಈ ಒಂದು ಕಲಮು ಎಷ್ಟು ದೊಡ್ಡದೆಂದು ಊಹಿಸಿ.

ಆದರೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂರಿಸಿಕೊಳ್ಳುವಂತೆ ಯಾವ ಕಾನೂನೂ ಮಾಡಲಾರದು. ಅದು ನಮ್ಮ ಕೆಲಸ. ಅವರನ್ನು 'ಹೇಗೆ ಬಂತು?' ಎಂದು ಕೇಳಬೇಡಿ. 'ಊಟ ಆಯ್ತಾ? ಮಾತ್ರೆ ತಗೊಂಡ್ರಾ?' ಎಂದು ಕೇಳಿ. 'ಅಯ್ಯೋ ಪಾಪ' ಎಂಬ ಮಾತೂ ಬೇಡ, ಅದೂ ಒಂದು ಬೇರೆ ತಟ್ಟೆಯೇ. ಅವರು ಗುಟ್ಟು ಹೇಳಿಕೊಂಡರೆ ಅದು ನಿಮ್ಮಲ್ಲೇ ಉಳಿಯಲಿ.

ಯಾರಿಗೂ ಕಾಣದ ಹಾಗೆ ಈ ಮಾತು ಕೇಳುತ್ತಿರುವ ಅಕ್ಕತಂಗಿಯರೇ, 1097 ಎಂಬುದು ರಾಷ್ಟ್ರೀಯ ಏಡ್ಸ್ ಸಹಾಯವಾಣಿ. ಕರೆ ಉಚಿತ. ನಿಮ್ಮಂಥ ಮಹಿಳೆಯರೇ ಕಟ್ಟಿಕೊಂಡ ಸಂಘಗಳೂ ಇವೆ. 1998ರಲ್ಲಿ ಚೆನ್ನೈಯಲ್ಲಿ ಕೌಸಲ್ಯಾ ಮತ್ತು ಅವರ ಗೆಳತಿಯರು ಆರಂಭಿಸಿದ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಅಂಥದೊಂದು.

ಅಂದು ಫೋನ್ ಇಡುವಾಗ ಆಕೆ ಹೇಳಿದ್ದು ಇಷ್ಟೇ: "ಮುಂದಿನ ಸಲ ಓದೂ ಮುಂದ, ನಾ ಕೇಳಾಕತ್ತೀನಿ ಅಂತ ತಿಳಕೊಂಡು ಓದ್ರಿ." ಆಮೇಲೆ ಅವರ ಕರೆ ಬಂದಿಲ್ಲ. ಇವತ್ತು ಹಾಗೆಯೇ ಓದಿದ್ದೇನೆ, ತಂಗೀ. ಆ ಹಳೆಯ ವಾಕ್ಯಕ್ಕೆ ಕ್ಷಮೆ ಇರಲಿ.