ನಾಯಿಯ ಬಾಯಾರಿಕೆ



ಮನೆ ಕಾಯುವ ನಾಯಿಯ ಬಗ್ಗೆ ಇವತ್ತು ನಾಲ್ಕು ಮಾತು ಹೇಳ್ತೀನಿ. ನಾಯಿ ಮೂಕ ಪ್ರಾಣಿ. "ನನಗೆ ಹುಷಾರಿಲ್ಲ" ಅಂತ ಅದು ಹೇಳಲಾರದು. ಅದು ಕುಡಿಯುವ ನೀರನ್ನು ನೋಡಿ ನಾವೇ ತಿಳಿಯಬೇಕು.

ನಾಯಿಗೆ ದಿನಕ್ಕೆ ಎಷ್ಟು ನೀರು ಬೇಕು? 15 ಕಿಲೋ ತೂಕದ ನಾಯಿಗೆ ಮುಕ್ಕಾಲು ಲೀಟರಿನಿಂದ 1 ಲೀಟರು ಸಾಕು. ಬೇಸಿಗೆಯಲ್ಲಿ ಹೆಚ್ಚು ಬೇಕು. ಮರಿಗಳಿಗೆ ಹಾಲೂಡಿಸುವ ತಾಯಿನಾಯಿಗೂ ಹೆಚ್ಚು ಬೇಕು. ಉಪ್ಪು ಮೀನು ತಿಂದರೂ ಬಾಯಾರಿಕೆ ಆಗುತ್ತದೆ. ಇದಕ್ಕೆಲ್ಲ ಹೆದರಬೇಡಿ.

ಇಂಥ ಕಾರಣ ಯಾವುದೂ ಇಲ್ಲ. ಆದರೂ ದಿನಾ ಒಂದೂವರೆ ಲೀಟರಿಗಿಂತ ಹೆಚ್ಚು ಕುಡೀತಿದೆ. ಆಗ ಒಳಗೆ ಕಾಯಿಲೆ ಇರಬಹುದು.

ಹೆಚ್ಚು ಕುಡಿದ ನಾಯಿ ಹೆಚ್ಚು ಉಚ್ಚೆ ಹೊಯ್ಯುತ್ತದೆ. ರಾತ್ರಿ ಜಗಲಿ ಒದ್ದೆ ಮಾಡುತ್ತದೆ. ಕೆಲವರು ಸಿಟ್ಟಾಗಿ ನೀರು ಇಡೋದನ್ನೇ ಬಿಡ್ತಾರೆ. ಹಾಗೆ ಮಾಡಲೇಬೇಡಿ! ತೂತು ಬಿದ್ದ ಕೊಡದಲ್ಲಿ ನೀರು ನಿಲ್ಲುತ್ತದೆಯೇ? ಕಾಯಿಲೆ ನಾಯಿಯ ಮೈಯೂ ಹಾಗೇ. ನೀರು ಮೊದಲು ಹೊರಗೆ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ನಾಯಿ ಕುಡಿಯುತ್ತದೆ. ನೀರು ತಪ್ಪಿಸಿದರೆ ಅದರ ಜೀವಕ್ಕೇ ಅಪಾಯ.

ಯಾವ ಯಾವ ಕಾಯಿಲೆ ಇರಬಹುದು?

ಒಂದು, ಕಿಡ್ನಿ ಕಾಯಿಲೆ. ಮುದಿ ನಾಯಿಗಳಲ್ಲಿ ಇದು ಹೆಚ್ಚು. ನಾಯಿ ಸೊರಗುತ್ತದೆ. ಊಟ ಬಿಡುತ್ತದೆ. ಬಾಯಿ ನಾರುತ್ತದೆ.

ಎರಡು, ಸಕ್ಕರೆ ಕಾಯಿಲೆ. ಹೌದು, ನಾಯಿಗೂ ಬರುತ್ತದೆ. ಚೆನ್ನಾಗಿ ತಿಂದರೂ ನಾಯಿ ಬಡವಾಗುತ್ತದೆ. ನಿಮ್ಮ ಮನೆಯ ಸಕ್ಕರೆ ಮಾತ್ರೆಯನ್ನು ಅದಕ್ಕೆ ಕೊಡಬೇಡಿ. ನಾಯಿಗೆ ಬೇಕಾದದ್ದು ಇನ್ಸುಲಿನ್ ಸೂಜಿ. ಅದನ್ನು ಡಾಕ್ಟರೇ ಹೇಳಬೇಕು.

ಮೂರು, ಹೆಣ್ಣು ನಾಯಿಯ ಗರ್ಭಕೋಶದಲ್ಲಿ ಕೀವು. ಬೆದೆ ಮುಗಿದ ಕೆಲವು ವಾರಗಳಲ್ಲಿ ಇದು ಬರುತ್ತದೆ. ಬಾಯಾರಿಕೆ, ವಾಂತಿ, ಸುಸ್ತು ಇರುತ್ತದೆ. ಕೀವು ಹೊರಗೆ ಕಾಣಬಹುದು, ಕಾಣದೆಯೂ ಇರಬಹುದು. ತಡ ಮಾಡಿದರೆ ನಾಯಿ ಉಳಿಯುವುದಿಲ್ಲ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.

ನಾಲ್ಕು, ಇಲಿ ಜ್ವರ. ಇದು ನಾಯಿಯ ಉಚ್ಚೆಯಿಂದ ಮನುಷ್ಯರಿಗೂ ಅಂಟುತ್ತದೆ. ಬರಿಗೈಯಲ್ಲಿ ಒರೆಸಬೇಡಿ. ಕೈಕಾಲನ್ನು ಸೋಪು ಹಾಕಿ ತೊಳೆಯಿರಿ. ಮಕ್ಕಳನ್ನು ದೂರ ಇಡಿ.

ತುರಿಕೆಗೆ ಕೊಡುವ ಕೆಲವು ಔಷಧಿಯಿಂದಲೂ ಬಾಯಾರಿಕೆ ಹೆಚ್ಚುತ್ತದೆ. ಯಾವ ಔಷಧಿ ಕೊಡ್ತಿದ್ದೀರಿ ಅಂತ ಡಾಕ್ಟರಿಗೆ ಹೇಳಿ.

ಈಗ ಒಂದು ಕೆಲಸ ಮಾಡಿ. ಬೆಳಿಗ್ಗೆ 2 ಲೀಟರು ನೀರು ಅಳೆದು ಬೋಗುಣಿಗೆ ಹಾಕಿ. ಕೋಳಿ, ಬೆಕ್ಕು ಬಾಯಿ ಹಾಕದಂತೆ ನೋಡಿಕೊಳ್ಳಿ. ಖಾಲಿಯಾದರೆ ಮತ್ತೆ ಅಳೆದು ಹಾಕಿ. ಮರುದಿನ ಬೆಳಿಗ್ಗೆ ಉಳಿದ ನೀರನ್ನು ಅಳೆಯಿರಿ. ಹಾಕಿದ್ದರಲ್ಲಿ ಉಳಿದದ್ದನ್ನು ಕಳೆಯಿರಿ. ನಾಯಿ ಕುಡಿದದ್ದು ಅಷ್ಟು. ನಿಮಗೆ ಈಗ ಬರೆಯಲು ಬರುತ್ತದಲ್ಲ? ತಾರೀಖು ಹಾಕಿ ಬರೆದಿಡಿ. ಮೂರು ದಿನದ ಲೆಕ್ಕ ಪಶು ಡಾಕ್ಟರಿಗೆ ತೋರಿಸಿ. "ತುಂಬಾ ಕುಡೀತದೆ ಸಾರ್" ಅನ್ನುವುದಕ್ಕಿಂತ ಈ ಲೆಕ್ಕ ಅವರಿಗೆ ಹೆಚ್ಚು ಉಪಯೋಗ. ಆದರೆ ನಾಯಿ ವಾಂತಿ ಮಾಡಿದರೆ, ಊಟ ಬಿಟ್ಟರೆ, ಮೂರು ದಿನ ಕಾಯಬೇಡಿ.

ಕೊನೆಗೆ ಹುಚ್ಚು ನಾಯಿಯ ಮಾತು. "ನೀರು ಕುಡೀತಿದೆ, ಹಾಗಾದ್ರೆ ಹುಚ್ಚಿಲ್ಲ" ಅಂತ ಜನ ಹೇಳ್ತಾರೆ. ಇದನ್ನು ನಂಬಬೇಡಿ. ರೋಗ ಏರಿದ ಮೇಲೆ ನಾಯಿಗೆ ನುಂಗಲು ಆಗುವುದಿಲ್ಲ. ಜೊಲ್ಲು ಸುರಿಯುತ್ತದೆ. ಅದಕ್ಕೆ ಮೊದಲು ನೀರು ಕುಡಿಯಬಹುದು. ಅದರ ಬಾಯಿಗೆ ಕೈ ಹಾಕಬೇಡಿ. ಯಾವ ನಾಯಿ ಕಚ್ಚಿದರೂ 15 ನಿಮಿಷ ಸೋಪು ಹಾಕಿ, ಹರಿಯುವ ನೀರಿನಲ್ಲಿ ಗಾಯ ತೊಳೆಯಿರಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಮನೆ ಕಾಯುವ ನಾಯಿಗೆ ಬೋಗುಣಿ ತುಂಬ ನೀರು ಇಡಿ. ಎಷ್ಟು ಕುಡಿಯಿತು ಅಂತ ನೋಡಿ. ನೋಡಿದ್ದನ್ನು ಬರೆದಿಡಿ.