ತೆಂಗಿನ ಸಿಪ್ಪೆ ಮತ್ತು ಕೊಳೆಯುವ ಪ್ಲಾಸ್ಟಿಕ್



ಅರಸೀಕೆರೆಯ ತೋಟಗಳಲ್ಲಿ ತೆಂಗಿನ ಸಿಪ್ಪೆ ರಾಶಿ ಬೀಳುತ್ತದೆ. ಬೇಲೂರಿನ ಕಾಫಿ ಸಸಿಗಳ ಪಾಲಿಥೀನ್ ಚೀಲಗಳು ಮಣ್ಣು ಸೇರುತ್ತವೆ. ಇವೆರಡಕ್ಕೂ ಸಂಬಂಧ ಕಲ್ಪಿಸಬಲ್ಲ ವಿಜ್ಞಾನವೊಂದಿದೆ.

ಮೆಕ್ಕೆಜೋಳ, ಕಬ್ಬುಗಳ ಸಕ್ಕರೆಯನ್ನು ಹುದುಗಿಸಿ ಪಡೆದ ಲ್ಯಾಕ್ಟಿಕ್ ಆಮ್ಲದಿಂದ ಪಾಲಿಲ್ಯಾಕ್ಟಿಕ್ ಆಮ್ಲವೆಂಬ ಪಾಲಿಯೆಸ್ಟರ್ ಸಿದ್ಧವಾಗುತ್ತದೆ. ಅದು ಗಡುಸಾದರೂ ಬೇಗ ಬಿರಿಯುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗುತ್ತದೆ. ಸಿಪ್ಪೆಯ ನಾರಿನಿಂದ ಲಿಗ್ನಿನ್ ತೆಗೆದು, ಸೆಲ್ಯುಲೋಸನ್ನು ನ್ಯಾನೊ ಎಳೆಗಳಾಗಿ ಬಿಡಿಸಿ, ನೂರಕ್ಕೆ ಕೆಲವೇ ಪಾಲು ಬೆರೆಸಿದರೆ ಅದರ ಬಲ ಹೆಚ್ಚಬಲ್ಲದು. ಗೋಡೆಯ ಮಣ್ಣಿಗೆ ಹುಲ್ಲು ಕಲಸಿದಂತೆ, ಸೆಳೆತದ ಭಾರವನ್ನು ಎಳೆಗಳು ಹೊರುತ್ತವೆ. ಆದರೆ ಸೆಲ್ಯುಲೋಸ್ ನೀರನ್ನು ಬಯಸುವಂಥದು, ಪಾಲಿಯೆಸ್ಟರ್ ಒಲ್ಲದ್ದು. ಎಳೆಗಳ ಮೇಲ್ಮೈಯನ್ನು ಹದಗೊಳಿಸದಿದ್ದರೆ ಅವು ಗಂಟುಕಟ್ಟಿ, ಅಲ್ಲಿಯೇ ಬಿರುಕು ಮೂಡುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಈ ಪಾಲಿಯೆಸ್ಟರ್ ಬೇಗ ಕೊಳೆಯಲು 60 ಡಿಗ್ರಿಯ ಆಸುಪಾಸಿನ ಬಿಸಿಯುಳ್ಳ ಕಾಂಪೋಸ್ಟ್ ಘಟಕ ಬೇಕು. ಹಳೇಬೀಡಿನ ಕೆರೆಗೆ ಎಸೆದರೆ ವರ್ಷಗಟ್ಟಲೆ ಉಳಿದೀತು. ಇನ್ನು, ಸಿಪ್ಪೆಯಲ್ಲಿ ಪೊಟ್ಯಾಷ್ ಇದೆ, ತೇವ ಹಿಡಿಯುವ ಗುಣವಿದೆ. ಅದನ್ನೆಲ್ಲ ಕಾರ್ಖಾನೆಗೆ ಕೊಟ್ಟರೆ ತೆಂಗಿನ ಬುಡ ಬಡವಾಗುತ್ತದೆ.

ಆದುದರಿಂದ ಕೊಳೆಯುವ ಚೀಲವೆಂದು ಮಾರಬಂದವರನ್ನು ರೈತರು ಕೇಳಲಿ: ಎಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ದಿನಗಳಲ್ಲಿ ಕೊಳೆಯುತ್ತದೆ? ಮೂರಕ್ಕೂ ಉತ್ತರ ಸಿಗುವ ತನಕ ತೆಂಗಿನ ನಾರಿನ ಕುಂಡವೇ ಸಸಿಗೆ ಸಾಕು.